ಎಡಗಾಲಿನ ಸುತ್ತು

ಹೋದ ವಾರ ಮಗಳ ಜೊತೆ ಅವಲಪಲ್ಲಿಯ ಅವಳ ಮನೆಗೆ ಹೋಗುತ್ತಿದ್ದಾಗ ದಾರಿಬದಿಯಲ್ಲಿ ಒಬ್ಬ ಎತ್ತಿನ ಗಾಡಿಯ ಚಕ್ರ ಬಿಚ್ಚಿ ಅಚ್ಚಿಗೆ ಹರಳೆಣ್ಣೆ ಬಳಿಯುತ್ತಿದ್ದ. ಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ಹರಳೆಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. "ಯಾಕವ್ವ, ಕಾಲ್ ನೋಯ್ತದಾ?" ಎಂದಳು ಮಗಳು. ವಯಸ್ಸಾದವಳು ನಿಂತರೆ ಸಾಕು, ಎಲ್ಲರಿಗೂ ಹೊಳೆಯುವುದು ಕಾಲುನೋವೇ. ನನ್ನ ಕಾಲುಗಳು ಏನೇನು ಮಾಡಿವೆ ಎಂದು ಅವಳಿಗೆ ಒಂದೆರಡು ಸಲ ಹೇಳಿದ್ದೆ, ಅವಳು ನಕ್ಕಿದ್ದಳು. ನಗಲಿ. ಇವತ್ತು ಬರೆದೇ ಇಡುತ್ತೇನೆ.

ಅದು ನಲವತ್ತನಾಲ್ಕನೇ ಇಸವಿ, ನನಗೆ ಹದಿನೈದು ತುಂಬಿದ ವರ್ಷ. ನಮ್ಮೂರು ಕೆಲಮಂಗಲ ದಾಟಿ ಡೆಂಕಣಿಕೋಟೆಗೆ ಹೋಗುವ ದಾರಿಯಲ್ಲಿ, ಕಾಡಿಗೆ ಬೆನ್ನು ಕೊಟ್ಟು ಕೂತಿದೆ. ಯುದ್ಧ ಎಲ್ಲೋ ನಡೆಯುತ್ತಿತ್ತು. ನಮ್ಮ ಪಾಲಿಗೆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಏರು ಬಂದಾಗಲೆಲ್ಲ ನಿಂತು ಎಲ್ಲರನ್ನೂ ಇಳಿಸಿ ತಳ್ಳಿಸಿಕೊಳ್ಳುವುದು. ಆ ಬಸ್ಸಿನಲ್ಲೇ, ಶ್ರಾವಣದ ಒಂದು ಮಧ್ಯಾಹ್ನ, ನಮ್ಮ ಚಿಕ್ಕಪ್ಪ ಮುನಿಯಪ್ಪ ಬೆಂಗಳೂರಿನ ದಂಡಿನಿಂದ, ಅಂದರೆ ಕಂಟೋನ್ಮೆಂಟಿನಿಂದ, ಕೆಲಸ ಕಳೆದುಕೊಂಡು ಬಂದಿಳಿದ. ಕೈಯಲ್ಲೊಂದು ಗೋಣಿಚೀಲ, ಅದರೊಳಗೆ ಕಾಲಿಗೆ ಕಟ್ಟಿಕೊಳ್ಳುವ ಒಂದು ಜೊತೆ ಕಬ್ಬಿಣದ ಗಾಲಿ.

ದಂಡಿನಲ್ಲಿ ಸೋಲ್ಜರುಗಳು ಕಾಲಿಗೆ ಗಾಲಿ ಕಟ್ಟಿಕೊಂಡು ಜಾರುವುದಕ್ಕೆಂದೇ ಒಂದು ದೊಡ್ಡ ಹಜಾರವಿತ್ತು. ಅದಕ್ಕೆ ರಿಂಕು ಅನ್ನುತ್ತಿದ್ದರು. ಚಿಕ್ಕಪ್ಪ ನಾಲ್ಕು ವರ್ಷ ಅಲ್ಲಿ ಮಂಡಿಯೂರಿ ಕೂತು, ಬಂದವರ ಬೂಟಿಗೆ ಗಾಲಿ ಬಿಗಿದು ಪಟ್ಟಿ ಕಟ್ಟುವ ಕೆಲಸ ಮಾಡಿದ. ಕಟ್ಟುವವರು ಮಾತ್ರ ಆ ಹಲಗೆ ನೆಲಕ್ಕೆ ಇಳಿಯುವಂತಿರಲಿಲ್ಲ. ಒಂದು ಬೆಳಿಗ್ಗೆ ಯಾರೂ ಇಲ್ಲವೆಂದು ತಾನೇ ಕಟ್ಟಿಕೊಂಡು ಎರಡು ಸುತ್ತು ಹೊಡೆದ, ಮೇನೇಜರ್ ಕಣ್ಣಿಗೆ ಬಿದ್ದ, ಅಲ್ಲಿಗೆ ಕೆಲಸ ಮುಗಿಯಿತು. ಗಾಲಿಗಳು ಬರ್ಮಾಕ್ಕೆ ಹೊರಟ ಒಬ್ಬ ಸೋಲ್ಜರ್ ಕೊಟ್ಟುಹೋದದ್ದು. ಬಿಡುವಾಗಿದ್ದಾಗ ಚಿಕ್ಕಪ್ಪನಿಗೆ ಜಾರುವ ವಿದ್ಯೆಯ ಒಳಗುಟ್ಟು ಹೇಳಿಕೊಟ್ಟವನೂ ಅವನೇ.

"ಅವ್ರ ದೇಶದಲ್ಲಿ ಚಳಿಗೆ ಕೆರೆ ಕಲ್ಲಾಗೋಯ್ತದಂತೆ ಕಣಮ್ಮಿ ನಂಜೀ," ಎಂದು ಚಿಕ್ಕಪ್ಪ ನನಗೆ ಹೇಳಿದ. "ಕಾಲಿಗೆ ಕತ್ತಿಯಂಥದ್ದು ಕಟ್ಕೊಂಡು ಅದ್ರ ಮ್ಯಾಲೆ ಜಾರ್ತಾರಂತೆ. ಆ ಕತ್ತಿಗೆ ಎರಡಂಚು, ಒಳಗಡೆ ಒಂದು, ಹೊರಗಡೆ ಒಂದು. ಯಾವ್ದಾದ್ರೂ ಒಂದ್ರ ಮ್ಯಾಲೆ ವಾಲ್ಕೊಂಡೇ ಇರ್ಬೇಕು. ನೆಟ್ಟಗ್ ನಿಂತ್ರೆ ಬೀಳ್ತೀಯ. ಗಾಲಿಗೂ ಅಷ್ಟೇ, ಪಾದದ ಅಂಚು ಹಿಡಿದೋರಿಗೆ ಅದು ಮಾತು ಕೇಳ್ತದೆ."

"ನಂಗೆ ಕಲ್ಸು," ಎಂದೆ. ಅವನು ನನ್ನ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಹೆಣ್ಣುಮಗಳಿಗೆ ಯಾಕೆ ಎನ್ನುತ್ತಿದ್ದರು. ಚಿಕ್ಕಪ್ಪ, "ಬೂಟು ಬೇಕಲ್ಲ," ಎಂದ ಅಷ್ಟೇ.

ಬೂಟು ಎಲ್ಲಿಂದ ಬರಬೇಕು. ಕೆಲಮಂಗಲದ ಸಂತೆಯಲ್ಲಿ ಎಕ್ಕಡ ಹೊಲಿಯುವ ಚಿನ್ನಪ್ಪನ ಹತ್ತಿರ ಹೋದೆವು. ಅವನು ಗಾಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಿ ಕಾಳ್ಳಕಾ, ಬಂಡಿಕಾ?" ಎಂದ. ಕಾಲಿಗೋ ಗಾಡಿಗೋ ಎಂದು ತೆಲುಗಿನಲ್ಲಿ ಅವನು ಕೇಳಿದ್ದಕ್ಕೆ ಸಂತೆಯವರೆಲ್ಲ ನಕ್ಕರು. ನಕ್ಕರೂ ಎರಡು ಪದರ ಚರ್ಮದ ದಪ್ಪ ಅಟ್ಟೆ ಹಾಕಿ, ಹಿಮ್ಮಡಿ ಸುತ್ತ ಪಟ್ಟಿ ಕೊಟ್ಟು, ಗಾಲಿ ಕಚ್ಚಿಕೊಳ್ಳುವ ಹಾಗೆ ಹೊಲಿದುಕೊಟ್ಟ. ಆ ಎಕ್ಕಡ ಎಷ್ಟು ಭಾರವಿತ್ತೆಂದರೆ ಮೊದಲ ವಾರ ಬರೀ ಅದನ್ನು ಹಾಕಿಕೊಂಡು ನಡೆಯುವುದೇ ನನಗೆ ಸಾಕಾಗಿಹೋಯಿತು.

ಜಾರಲು ನೆಲ ನಮ್ಮಲ್ಲೇ ಇತ್ತು. ನಮ್ಮ ಕಣ ಸಗಣಿ ಸಾರಿಸಿದ ಮಣ್ಣಿನ ಕಣವಲ್ಲ, ಹಾಸುಬಂಡೆ. ನಮ್ಮ ಕಡೆ ಭೂಮಿಯಲ್ಲಿ ಅರ್ಧ ಕಲ್ಲೇ. ರಾಗಿ ತೆನೆಯ ಮೇಲೆ ಎತ್ತುಗಳು ಎಳೆಯುವ ರೋಣಗಲ್ಲು ಮೂರು ತಲೆಮಾರಿನಿಂದ ಉರುಳಿ ಉರುಳಿ ಆ ಬಂಡೆ ಅಂಗೈಯಂತೆ ನುಣುಪಾಗಿತ್ತು. ನಡುವೆ ಮೇಟಿ ಕಂಬ ನೆಡುವ ಕುಳಿ. ಸುಗ್ಗಿಯಲ್ಲಿ ಮೇಟಿ ನೆಟ್ಟರೆ ಕಣ ದೇವರದು, ಅಲ್ಲಿ ಎಕ್ಕಡ ಮೆಟ್ಟುವ ಹಾಗಿಲ್ಲ. ಆದರೆ ಸುಗ್ಗಿ ದೂರವಿತ್ತು, ಮೇಟಿ ಇಲ್ಲದಾಗ ಅದು ಒಣಬಟ್ಟೆ ಹರವುವ ಬಂಡೆ ಅಷ್ಟೇ. ಸೀರೆಯನ್ನು ನಾಟಿಗೆ ಹೋಗುವವರ ಹಾಗೆ ಎತ್ತಿ ಕಟ್ಟಿ, ಗಾಲಿಗೆ ಹರಳೆಣ್ಣೆ ಬಿಟ್ಟು, ನಾನು ಇಳಿದೆ. ಬಿದ್ದೆ, ಮತ್ತೆ ಎದ್ದೆ. ಮಂಡಿಯ ಚರ್ಮ ಹೋಯಿತು, ಅವ್ವ ಬೈದಳು, ಊರ ಹೆಂಗಸರು ನೀರಿಗೆ ಹೋಗುವ ದಾರಿ ಬದಲಿಸಿ ನಮ್ಮ ಕಣದ ಬದಿಯಲ್ಲೇ ಹೋಗತೊಡಗಿದರು. ನೋಡಲಿ ಎಂದು ನಾನು ಇನ್ನೂ ಜೋರಾಗಿ ಜಾರಿದೆ.

ತಿಂಗಳೊಳಗೆ ಸುತ್ತು ಹೊಡೆಯುವುದು ಬಂತು. ಬಲಗಾಲಿನ ಹೊರಗಿನ ಅಂಚಿನ ಮೇಲೆ ವಾಲಿ, ಎಡಗಾಲಿನಿಂದ ಒಂದು ಸಲ ಒತ್ತಿದರೆ ಸಾಕು, ಕುಳಿಯ ಸುತ್ತ ಒಂದು ಪೂರ್ತಿ ಸುತ್ತು. ಚಿಕ್ಕಪ್ಪನೇ ಬೆರಗಾದ. ಸೋಲ್ಜರುಗಳಿಗೆ ಆರು ತಿಂಗಳಾದರೂ ಬಾರದ್ದು ನಿನಗೆ ಹೇಗೆ ಬಂತು ಎಂದು ಕೇಳಿದ. ನನಗೆ ಜಂಬ ತಲೆಗೇರಿತು. ಇಬ್ಬರಿಗೂ ಒಂದು ಹೊಳೆಯಲೇ ಇಲ್ಲ: ನಾನು ನಡೆಯಲು ಕಲಿತಾಗಿನಿಂದ ಎತ್ತುಗಳ ಹಿಂದೆ ಆ ಕಣವನ್ನು ಸುತ್ತಿದವಳು, ಮೇಟಿಯನ್ನು ಬಲಕ್ಕಿಟ್ಟುಕೊಂಡು, ದೇವರಿಗೆ ಪ್ರದಕ್ಷಿಣೆ ಹಾಕುವಂತೆ. ಬಲಕ್ಕೆ ವಾಲುವುದು ನನ್ನ ಮೈಗೇ ಗೊತ್ತಿತ್ತು. ಎಡಕ್ಕೆ ನಾನು ಒಂದು ಸುತ್ತೂ ಹಾಕಿರಲಿಲ್ಲ, ಹಾಕಬೇಕೆಂದು ಅನ್ನಿಸಿಯೂ ಇರಲಿಲ್ಲ.

ದಸರಾ ಮುಗಿದ ಮೇಲೆ ಚಿಕ್ಕಪ್ಪ ನನ್ನನ್ನು ದಂಡಿಗೆ ಕರೆದುಕೊಂಡು ಹೋದ. ಬುಧವಾರ ಮಧ್ಯಾಹ್ನ ರಿಂಕಿನಲ್ಲಿ ಹೆಂಗಸರ ಹೊತ್ತು. "ಹೆಂಗಸ್ರು ಅಂತ ಬರ್ದವ್ರೆ. ಯಾವ ಹೆಂಗಸ್ರು ಅಂತ ಬರ್ದಿಲ್ಲ," ಎಂದ. ದೊರೆಸಾನಿಯರು, ಆಫೀಸರುಗಳ ಹೆಣ್ಣುಮಕ್ಕಳು, ಎಲ್ಲ ಸೇರಿ ಇಪ್ಪತ್ತು ಮೂವತ್ತು ಜನ. ಚೀಟಿ ಹರಿಯುವವನು ನನ್ನ ಎಕ್ಕಡ ನೋಡಿ ಬಾಯಿ ತೆರೆದ, ಮುಚ್ಚುವುದರೊಳಗೆ ನಾನು ಒಳಗಿದ್ದೆ. ಆ ಹಲಗೆ ನೆಲದ ಸುಖವನ್ನು ಏನು ಹೇಳಲಿ. ನಮ್ಮ ಬಂಡೆಯ ಮೇಲೆ ಹಲ್ಲು ಕಟಕಟ ಎನ್ನುತ್ತಿತ್ತು, ಇಲ್ಲಿ ಬೆಣ್ಣೆ. ಒಂದು ಒತ್ತು ಒತ್ತಿ, ಬಲಕ್ಕೆ ವಾಲಿ, ನನ್ನ ಕಣದ ಸುತ್ತು ಶುರು ಮಾಡಿದೆ.

ಅಲ್ಲಿ ಎಲ್ಲರೂ ಎಡಕ್ಕೆ ಸುತ್ತುತ್ತಾರೆ. ಇಡೀ ರಿಂಕು ಒಂದು ದಿಕ್ಕಿಗೆ ಹರಿಯುತ್ತಿತ್ತು, ನಾನೊಬ್ಬಳು ಎದುರಿಗೆ ಹೋಗಿದ್ದೆ. ಎರಡನೇ ತಿರುವಿನಲ್ಲಿ ಒಬ್ಬ ದಪ್ಪನೆಯ ದೊರೆಸಾನಿಗೆ ಗುದ್ದಿದೆ, ಅವಳ ಹಿಂದಿನವರು ಅವಳ ಮೇಲೆ ಬಿದ್ದರು. ಮೇನೇಜರ್ ಬಂದ. ಅರೆಬರೆ ತಮಿಳಿನಲ್ಲಿ, ಕಟಕಟೆಯ ಆಚೆ ನಿಂತ ಚಿಕ್ಕಪ್ಪನನ್ನೇ ನೋಡುತ್ತ ಹೇಳಿದ. ಎರಡು ಕಡೆಗೂ ತಿರುಗಲು ಬಾರದವರಿಗೆ ಇಲ್ಲಿ ಜಾಗವಿಲ್ಲ. ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಎಂಟು ಬರೆಯುತ್ತೇನೆ, ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ. ಒಂದೊಂದು ಸುತ್ತಿಗೂ ಒಂದೇ ಒತ್ತು, ಒಂದೇ ಕಾಲು. ಮಾಡಿದರೆ ಅವಳು ಈ ನೆಲದ ಮೇಲೆ ಯಾವ ಬುಧವಾರ ಬೇಕಾದರೂ ಬರಲಿ. ಅಲ್ಲಿಯವರೆಗೆ ಗೇಟಿನೊಳಗೆ ಕಾಲಿಡಕೂಡದು.

ಚಿಕ್ಕಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಊರಿಗೆ ಹೊರಟ. ಅತ್ತಿಬೆಲೆ ಏರಿನಲ್ಲಿ ಎಲ್ಲರೂ ಇಳಿದು ಬಸ್ಸು ತಳ್ಳುವಾಗ, "ಬಿಡು ಕಣಮ್ಮಿ, ಅವ್ರ ನೆಲ ಅವ್ರಿಗೇ ಇರ್ಲಿ," ಎಂದ. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಅವರ ಕಾಲ ಬುಡದಲ್ಲಿ ಕೂತವನು ಹೀಗೆ ಹೇಳಿದನಲ್ಲ ಎಂದು ಸಿಟ್ಟು. ಎಂಟು ಹಾಕದೆ ನಾನು ಸಾಯುವುದಿಲ್ಲ ಎಂದೆ.

ಮಾರನೆಯ ದಿನದಿಂದಲೇ ಎಡಗಾಲಿನ ಪಾಡು ಶುರುವಾಯಿತು. ಬಲಗಾಲಿನಿಂದ ಒತ್ತಿ ಎಡಗಾಲಿನ ಹೊರಗಿನ ಅಂಚಿಗೆ ವಾಲಬೇಕು. ವಾಲಲು ಹೋದರೆ ಆ ಕಡೆ ನೆಲವೇ ಇಲ್ಲವೇನೋ ಎಂದು ಮೈ ಗಡುಸಾಗಿ ನೆಟ್ಟಗೆ ನಿಲ್ಲುತ್ತಿತ್ತು, ನಿಂತದ್ದೇ ಬೀಳುತ್ತಿದ್ದೆ. ಹದಿನೈದು ದಿನ ಹೀಗೇ ಆಯಿತು. ಕಾಲುಭಾಗ ಸುತ್ತು ಬಂತು, ಅರ್ಧ ಬರಲಿಲ್ಲ. ಅಷ್ಟರಲ್ಲಿ ಕಾಡಿನಿಂದ ಆನೆಗಳು ಇಳಿದವು. ಎರಡು ಹೊಲ ದಾಟಿ ನಿಂಗಪ್ಪನವರ ರಾಗಿಯನ್ನು ತುಳಿದು ತಿಂದುಹೋದವು. ಅಪ್ಪ ಹೆದರಿ, ಕಾಳು ಬಲಿತದ್ದೇ ಕೊಯ್ಲು ಮಾಡಿಸಿದ. ಮೆದೆಯಲ್ಲಿ ಇಟ್ಟರೆ ವಾಸನೆಗೆ ಆನೆ ಬರುತ್ತದೆಂದು ಹೊತ್ತಿಗೆ ಮುಂಚೆಯೇ ಕಣಕ್ಕೆ ಹಾಕಲು ಹೊರಟು, ಮೇಟಿ ನೆಟ್ಟೇಬಿಟ್ಟ. ನನ್ನ ಬಂಡೆ ದೇವರ ಕಣವಾಯಿತು.

ಕಣದ ಯಜಮಾನಿಕೆ ನಮ್ಮಜ್ಜಿಯದು. ಅಪ್ಪ ಚಿಕ್ಕಪ್ಪ ಇಬ್ಬರೂ ಅವಳೆದುರು ದನಿ ಎತ್ತುವವರಲ್ಲ. ಎತ್ತು ಬಿಟ್ಟಿರುವ ಮಧ್ಯಾಹ್ನದ ಹೊತ್ತಿನಲ್ಲಿ ಅಂಚಿನ ಖಾಲಿ ಬಂಡೆಯ ಮೇಲೆ ಎಡಕ್ಕೆ ಸುತ್ತುತ್ತೇನೆ, ಗಾಲಿ ಬೇಡ, ಬರಿಗಾಲಲ್ಲೇ ವಾಲಿ ನಡೆಯುತ್ತೇನೆ ಎಂದು ಕೇಳಿದೆ.

"ಮೇಟಿಗೆ ಎಡ ಸುತ್ತೋದಾ?" ಎಂದಳು ಅಜ್ಜಿ. "ಎಡಕ್ ಸುತ್ತೋದು ಹೆಣಕ್ಕೆ ಕಣೇ. ನಿಮ್ ತಾತಂಗೆ ಸುತ್ತಿದ್ದೆ, ಸಾಕು."

"ದಂಡಲ್ಲಿ ಎಲ್ರೂ ದಿನಾ ಎಡಕ್ಕೇ ಸುತ್ತತಾರೆ. ಅವ್ರಿಗೇನಾಯ್ತು?"

ನನ್ನ ಪರವಾಗಿ ಮಾತಾಡಬೇಕೆಂದು ಚಿಕ್ಕಪ್ಪ ಬಾಯಿ ಹಾಕಿದ. ನಿಜ ಬಿಟ್ಟು ಬೇರೆ ಹೇಳಲು ಅವನಿಗೆ ಬಾರದು. "ಹೌದವ್ವ, ದಿನಾ ಸುತ್ತೋರು. ಆಮ್ಯಾಕೆ ಬರ್ಮಾಕ್ ಹೋದ್ರು. ಅರ್ಧ ಜನ ತಿರ್ಗಾ ಬರ್ಲಿಲ್ಲ."

"ನೋಡ್ದಾ," ಎಂದಳು ಅಜ್ಜಿ. ಅಲ್ಲಿಗೆ ನನ್ನ ವ್ಯಾಜ್ಯ ಬಿದ್ದುಹೋಯಿತು.

ನಾನು ಎತ್ತು ಹೊಡೆಯುವ ಕೋಲನ್ನು ಕಣದ ಬದಿಗೆ ಇಟ್ಟು ಹೇಳಿದೆ, ಎಡಕ್ಕೆ ಬಿಡದ ಕಣದಲ್ಲಿ ನಾನು ಬಲಕ್ಕೂ ಸುತ್ತುವುದಿಲ್ಲ. ಹೇಳಿ ಹೋಗಿ ಜಗುಲಿಯ ಮೇಲೆ ಕೂತೆ. ರೋಣಗಲ್ಲಿನ ಹಿಂದೆ ಎತ್ತು ಸುತ್ತಿಸುವುದು ನನ್ನ ಕೆಲಸ. ಅಪ್ಪ ಚಿಕ್ಕಪ್ಪ ಹುಲ್ಲು ಒದರಬೇಕು, ಅವ್ವ ತೂರಬೇಕು, ಇನ್ನೊಬ್ಬ ಆಳಿಲ್ಲ. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಎಲ್ಲ ಗೊತ್ತಿದ್ದೇ ಕೂತೆ. ಅಪ್ಪ ಕಾಲು ಮುರಿಯುತ್ತೇನೆ ಎಂದ. ಮುರಿದರೆ ಎಡಗಾಲನ್ನೇ ಮುರಿ, ಅದರಿಂದ ಹೇಗೂ ಉಪಯೋಗವಿಲ್ಲ ಎಂದೆ. ಅಪ್ಪನ ಕೈ ಎದ್ದಿತು, ಕೆನ್ನೆಗೂ ಬಿತ್ತು. ನಾನು ಏಳಲಿಲ್ಲ.

ಎರಡನೇ ದಿನ ಬೆಳಿಗ್ಗೆ ನೋಡುತ್ತೇನೆ, ಅಜ್ಜಿ ಕೋಲು ಹಿಡಿದು ಎತ್ತುಗಳ ಹಿಂದೆ ಸುತ್ತುತ್ತಿದ್ದಾಳೆ. ಎಪ್ಪತ್ತು ದಾಟಿದ ಮುದುಕಿ. ತೆನೆಯ ಮೇಲೆ ಕಾಲು ಜಾರುತ್ತಿತ್ತು, ಎತ್ತಿನ ಬಾಲ ಹಿಡಿದುಕೊಂಡು ಸಾವರಿಸಿಕೊಳ್ಳುತ್ತಿದ್ದಳು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ಇಪ್ಪತ್ತು ಸುತ್ತು ಎಣಿಸಿದೆ. ಹಟದಲ್ಲಿ ನಾನು ಯಾರ ಮೊಮ್ಮಗಳೆಂದು ಅವತ್ತು ತಿಳಿಯಿತು, ನಾಚಿಕೆಯೂ ಆಯಿತು. ಎದ್ದುಹೋಗಿ ಅವಳ ಕೈಯಿಂದ ಕೋಲು ಕಿತ್ತುಕೊಂಡೆ.

ಅವಳು ಏದುಸಿರು ಬಿಡುತ್ತ ಕಣದ ಅಂಚಿನಲ್ಲಿ ಕೂತಳು. ಕಾಲಿಗೆ ಅಂಟಿದ ಹೊಟ್ಟು ಒರೆಸಿಕೊಳ್ಳುತ್ತ, "ಮೇಟಿ ಇರೋವರ್ಗೂ ಇದು ನನ್ ಕಣ," ಎಂದಳು. "ಮೇಟಿ ಎದ್ ಮ್ಯಾಕೆ ಬರೀ ಬಂಡೆ. ಯಾವ್ ಕಡೆಗಾದ್ರೂ ಸುತ್ಕೊ, ಬಿದ್ದು ಸಾಯಿ. ನಾನ್ ನೋಡಕ್ ಬರಲ್ಲ."

ಉಳಿದ ರಾಗಿಯನ್ನು ಒಕ್ಕುವಾಗ ನಾನು ಎತ್ತುಗಳನ್ನೇ ನೋಡುತ್ತಿದ್ದೆ. ಒಳಗಿನ ಎತ್ತು ಮೇಟಿಯ ಹತ್ತಿರ ಸಣ್ಣ ಹೆಜ್ಜೆ ಹಾಕುತ್ತ, ವಾಲಿ ತಿರುಗುತ್ತದೆ. ಹೊರಗಿನದು ದೊಡ್ಡ ಸುತ್ತು ನಡೆದು ನೊಗವನ್ನು ದೂಡುತ್ತದೆ. ಅದರ ತೊಡೆ ಒಳಗಿನದಕ್ಕಿಂತ ದಪ್ಪ. ಒಂದು ಮಧ್ಯಾಹ್ನ ಗಕ್ಕನೆ ನಿಂತು ನನ್ನ ತೊಡೆಗಳನ್ನೇ ಎರಡು ಕೈಯಿಂದ ಹಿಡಿದು ನೋಡಿಕೊಂಡೆ. ನನ್ನ ಎಡಗಾಲು ಹೊರಗಿನ ಎತ್ತು. ಅದಕ್ಕೆ ಒತ್ತಲು ಕಸುವಿದೆ, ಅಂಚಿನ ಮೇಲೆ ನಿಂತು ಅಭ್ಯಾಸವಿಲ್ಲ. ಬಲಗಾಲು ಒಳಗಿನದು. ನಿಲ್ಲುವುದು ಗೊತ್ತು, ಒತ್ತುವ ತ್ರಾಣವಿಲ್ಲ. ನಾನು ಎಡಗಾಲನ್ನು ಸುಮ್ಮನೆ ಬೈಯುತ್ತಿದ್ದೆ, ತಪ್ಪು ಎರಡರದ್ದೂ ಇತ್ತು. ಚಿಕ್ಕಪ್ಪನನ್ನು ಕೂಗಿ ಹೇಳಿದೆ. ಅವನು ತಲೆ ಕೆರೆದುಕೊಂಡು, "ಹೌದಲ್ಲಾ, ಅಷ್ಟು ಜನರ ಕಾಲ್ ಹಿಡಿದೋನು, ನಂಗೇ ಹೊಳೀಲಿಲ್ವಲ್ಲ," ಎಂದ.

ಅವತ್ತಿನಿಂದ ಬಾವಿಯ ಮೆಟ್ಟಿಲನ್ನು ತುಂಬಿದ ಕೊಡ ಹೊತ್ತು ಬಲಗಾಲಿನಲ್ಲೇ ಹತ್ತತೊಡಗಿದೆ. ಬಲಗಾಲು ಮೇಲಿಟ್ಟು, ಮಂಡಿ ಪೂರ್ತಿ ಬಗ್ಗಿಸಿ, ಎಡಗಾಲನ್ನು ನೆಲಕ್ಕೆ ಒತ್ತದೆ ಮೇಲೇಳುವುದು. ದಿನಕ್ಕೆ ಮೂವತ್ತು ಕೊಡ. ಮನೆಯಲ್ಲಿ ಅಷ್ಟು ನೀರು ಬೇಡವಾಗಿತ್ತು, ಅವ್ವನ ಅವರೆ ಪಾತಿಗೆ ಸುರಿದೆ. ರೊಟ್ಟಿ ತಟ್ಟುವಾಗ, ಹಾಲು ಕರೆದು ಬಂದು ನಿಂತಾಗ, ಮಾತಾಡುವಾಗ, ಎಡಗಾಲಿನ ಹೊರ ಅಂಚಿನ ಮೇಲೆ ಒಂಟಿಯಾಗಿ ನಿಲ್ಲುತ್ತಿದ್ದೆ. ಕೊಕ್ಕರೆ ಬಂತು ಎಂದು ಊರವರು ಅಣಕಿಸಿದರು. ಅಣಕಿಸಿದವರ ಮನೆ ಮುಂದೆಯೇ ಹೋಗಿ ಇನ್ನೂ ಸ್ವಲ್ಪ ಹೊತ್ತು ನಿಂತೆ.

ರಾಶಿ ಪೂಜೆ ಆಗಿ, ರಾಗಿ ಮನೆ ಸೇರಿ, ಅಪ್ಪ ಮೇಟಿ ಕಿತ್ತ. ಅದೇ ಸಾಯಂಕಾಲ ನಾನು ಗಾಲಿ ಕಟ್ಟಿ ಇಳಿದೆ. ಬಲಗಾಲಿನಿಂದ ಅವಸರವಿಲ್ಲದೆ ಒತ್ತು, ತುದಿಬೆರಳಿನಿಂದ ಒದೆಯಬೇಡ, ಅಂಚಿನಿಂದ ದೂಡು ಎಂದು ಚಿಕ್ಕಪ್ಪ ಹೇಳುತ್ತಿದ್ದ. ಮೂರನೇ ದಿನ ಅರ್ಧ ಸುತ್ತು ಬಂತು. ಮಂಡಿ ಬಗ್ಗಿಸಿ ಕೂತಂತೆ ಮಾಡಿದರೆ ಮೈ ತಾನಾಗಿ ವಾಲುತ್ತದೆ, ಹೆದರಿ ಎದ್ದು ನಿಂತರೆ ಅಂಚು ಬಿಟ್ಟುಹೋಗುತ್ತದೆ. ಸಂಕ್ರಾಂತಿ ಕಳೆದ ಎಂಟನೇ ದಿನ ಎಡಗಾಲಿನ ಮೇಲೆ ಒಂದು ಪೂರ್ತಿ ಸುತ್ತು ಬಂದು ಹೊರಟಲ್ಲಿಗೇ ಮುಟ್ಟಿದೆ. ನೋಡಲು ಬರುವುದಿಲ್ಲ ಎಂದಿದ್ದ ಅಜ್ಜಿ ಹುಲ್ಲಿನ ಬಣವೆಯ ಹಿಂದೆ ನಿಂತಿದ್ದಳು. "ನಡಿ, ಬಿಸಿನೀರಿದೆ, ಕಾಲಿಗ್ ಹುಯ್ಕೊ," ಎಂದು ಒಳಗೆ ಹೋದಳು.

ಮುಂದಿನ ಬುಧವಾರ ಮತ್ತೆ ದಂಡಿನ ರಿಂಕು. ಮೇನೇಜರ್ ನನ್ನನ್ನು ಮರೆತಿರಲಿಲ್ಲ. ನಡುವೆ ಜಾಗ ಬಿಡಿಸಿ ಸೀಮೆಸುಣ್ಣದಲ್ಲಿ ಎಂಟು ಬರೆದ. ಚಿಕ್ಕಪ್ಪ ಕಟಕಟೆಯ ಆಚೆ, ಟೋಪಿ ಕಳಚುವ ಜಾಗದಲ್ಲಿ ನಿಂತ. ಬಲದ ಸುತ್ತು ಯಾವ ಲೆಕ್ಕ, ಗೆರೆಯ ಮೇಲೆಯೇ ಬಂದೆ. ಎಡದ ಸುತ್ತಿನಲ್ಲಿ ಮುಕ್ಕಾಲಿಗೆ ಬಂದಾಗ ವೇಗ ಸತ್ತಿತು, ಒಂದು ಕೈ ನೆಲಕ್ಕೆ ಮುಟ್ಟಿತು. ಆಗಲಿಲ್ಲ, ಇನ್ನೊಂದು ವಾರ ಬಾ ಎಂದು ಮೇನೇಜರ್ ಕೈ ಆಡಿಸಿದ. ನಾನು ಹೋಗಲಿಲ್ಲ. ಅವನನ್ನು ಕೇಳದೆ ನಡುಬಿಂದುವಿಗೆ ವಾಪಸ್ಸು ಬಂದು, ಮಂಡಿ ಬಗ್ಗಿಸಿ, ಮೂವತ್ತು ಕೊಡದ ಬಲಗಾಲಿನಲ್ಲಿ ಒತ್ತಿದೆ. ಎಡಗಾಲು ಅಂಚು ಹಿಡಿಯಿತು. ಗೆರೆ ನನ್ನ ಕೆಳಗೆ ಹರಿದು ಹರಿದು ಹೊರಟಲ್ಲಿಗೇ ಬಂತು. ನೋಡುತ್ತಿದ್ದ ಒಬ್ಬ ದೊರೆಸಾನಿ ಚಪ್ಪಾಳೆ ತಟ್ಟಿದಳು, ನಾನು ಹಿಂದೆ ಗುದ್ದಿದ್ದವಳೇ ಇರಬೇಕು. ಮೇನೇಜರ್ ಎಂಟನ್ನು ಬೂಟಿನಿಂದ ಒರೆಸಿ, ಸುತ್ತುವವರ ಕಡೆ ಕೈ ತೋರಿಸಿದ.

ನಾನು ಅವರ ನಡುವೆ ಸೇರಿಕೊಂಡೆ, ಅವರ ದಿಕ್ಕಿಗೇ. ಎಷ್ಟು ಸುತ್ತಾಯಿತೋ ಗೊತ್ತಿಲ್ಲ. ಹೊತ್ತು ಮುಗಿಯಿತೆಂದು ಗಂಟೆ ಹೊಡೆದರು, ಎಲ್ಲರೂ ಬದಿಗೆ ಸರಿದು ಪಟ್ಟಿ ಬಿಚ್ಚತೊಡಗಿದರು. ನೆಲವೆಲ್ಲ ಖಾಲಿ. ನಾನು ನಿಲ್ಲಲಿಲ್ಲ. ಎರಡನೇ ಸಲ ಹೊಡೆದರು. ಮೇನೇಜರ್ ಕೆಂಪಗಾಗಿ ಚಿಕ್ಕಪ್ಪನ ಹತ್ತಿರ ಹೋಗಿ, ಅವಳನ್ನು ಹೊರಗೆ ಕರೆ ಎಂದ. ನಾಲ್ಕು ವರ್ಷ ಅವನ ಒಂದು ಮಾತನ್ನೂ ಮೀರದೆ ಬಾಳಿ, ಒಂದೇ ಸಲ ಮೀರಿ ಕೆಲಸ ಕಳೆದುಕೊಂಡವನು ನಮ್ಮ ಚಿಕ್ಕಪ್ಪ. ಎರಡು ಕೈಯಿಂದ ಕಟಕಟೆ ಹಿಡಿದು ಮುಂದಕ್ಕೆ ಬಗ್ಗಿದ.

"ನಂಜೀ, ಸಾಹೇಬ್ರು ಈಚೆಗ್ ಬಾ ಅಂತಾವ್ರೆ," ಎಂದು ಕೂಗಿದ. ಆಮೇಲೆ ಅಷ್ಟೇ ಜೋರಾಗಿ, ಸಾಹೇಬನ ಮುಖ ನೋಡಿಕೊಂಡೇ, "ನೀನ್ ಬರ್ಬೇಡ," ಎಂದ.

ನಾನು ಬಲಗಾಲು ಒತ್ತಿ ಎಡಗಾಲಿನ ಮೇಲೆ ವಾಲಿದೆ.